ಅಚ್ಚೊಡಕನಿಗೆ ಬೀಳ್ಕೊಡುಗೆ

ಈ ಕೂಟದ ಅಧ್ಯಕ್ಷ ಪೀಠದಲ್ಲಿ ಕುಳಿತಿರುವ, ನಮ್ಮ ರೋಮ್ ನಗರದ ಟಂಕಸಾಲೆಯ ಮೇಲ್ವಿಚಾರಕರಾದ ಮಾನ್ಯ ಅಟ್ಟಿಕಸ್ ಅವರೇ, ಪಕ್ಕದ ಗುಡಿಯಿಂದ ದೊಡ್ಡ ಮನಸ್ಸು ಮಾಡಿ ಇಲ್ಲಿಯವರೆಗೆ ನಡೆದುಬಂದಿರುವ ಜೂನೋ ತಾಯಿಯ ಅರ್ಚಕರೇ, ಇಂದಿನ ಸಮಾರಂಭ ಯಾರಿಗಾಗಿ ನಡೆಯುತ್ತಿದೆಯೋ ಆ ನನ್ನ ಬಹುಕಾಲದ ಗೆಳೆಯ ಡೊನಾಟಸ್ ಅವರೇ, ಕುಲುಮೆಯವರೇ, ಬಿಲ್ಲೆ ಕತ್ತರಿಸುವವರೇ, ಸುತ್ತಿಗೆಯವರೇ, ಒಟ್ಟಿನಲ್ಲಿ ದಿನವಿಡೀ ಬೆಳ್ಳಿಯನ್ನು ಮುಟ್ಟಿಯೂ ಮನೆಗೆ ಬರಿಗೈಯಲ್ಲಿ ಹೋಗುವ ನನ್ನ ಪ್ರೀತಿಯ ಸಭಿಕರೇ,

ನಾನು ಥಾಲಸ್. ಅಚ್ಚು ಕೊರೆಯುವವನು. ಮಾತಾಡುವುದು ನನ್ನ ಕಸುಬಲ್ಲ. ಅಚ್ಚಿನ ಮೇಲೆ ಅಕ್ಷರಗಳನ್ನು ಹಿಂದುಮುಂದಾಗಿ ಕೊರೆದು ಕೊರೆದು ನನ್ನ ಮಾತೂ ಹಾಗೆಯೇ ಆಗಿಬಿಟ್ಟಿದೆ. ಮೊದಲು ಹೇಳಬೇಕಾದದ್ದನ್ನು ಕೊನೆಗೆ ಹೇಳುತ್ತೇನೆ, ಹೇಳಬಾರದ್ದನ್ನು ಮೊದಲೇ ಹೇಳಿಬಿಡುತ್ತೇನೆ. ದಯಮಾಡಿ ಹೊಂದಿಸಿಕೊಂಡು ಕೇಳಬೇಕು.

ನಾವು ಇಂದು ಯಾಕೆ ಸೇರಿದ್ದೇವೆ? ಗಾಲ್ ದೇಶದ ಲುಗ್ದುನುಮ್ ಊರಿನ ಟಂಕಸಾಲೆಯಲ್ಲಿ ಮತ್ತೆ ಬೆಳ್ಳಿ ನಾಣ್ಯ ಹೊಡೆಯಬೇಕೆಂದು ಅರಮನೆಯಿಂದ ಅಪ್ಪಣೆಯಾಗಿದೆ. ಅಲ್ಲಿ ಸುತ್ತಿಗೆಯವರಿಗೆ ಮೇಸ್ತ್ರಿಯಾಗಿ ಯಾರನ್ನು ಕಳಿಸಬೇಕು ಎಂಬ ಪ್ರಶ್ನೆ ಬಂದಾಗ ಎರಡನೆಯ ಹೆಸರನ್ನು ಯಾರೂ ಹೇಳಲಿಲ್ಲ. ಡೊನಾಟಸ್! ಕಳೆದ ಹಬ್ಬಕ್ಕೆ ಇದೇ ಸಭಾಂಗಣದಲ್ಲಿ ದೊಡ್ಡ ಸುತ್ತಿಗೆಯಿಂದ ಅಕ್ರೋಟು ಒಡೆದು, ಒಳಗಿನ ತಿರುಳು ಚೂರಾಗದಂತೆ ಎತ್ತಿಕೊಟ್ಟವರು ಯಾರು? ಡೊನಾಟಸ್! ಅದನ್ನು ತಿಂದವರು ಯಾರು? ಅರ್ಚಕರು. ಬೇಕಾದರೆ ಕೇಳಿ ನೋಡಿ.

ನಾಳೆ ಬೆಳಕು ಹರಿಯುತ್ತಲೇ ಊರಬಾಗಿಲಿನಿಂದ ಅವರ ಗಾಡಿ ಹೊರಡುತ್ತದೆ. ಅವರ ಜೊತೆ ಅವರ ಹೆಂಡತಿ ಮಕ್ಕಳು ಹೋಗುತ್ತಾರೆ. ಅವರ ತಂಗಿ ನೊವೆಲ್ಲಾ ಅವರೂ ಹೋಗುತ್ತಾರೆ.

ಇಲ್ಲಿ ಒಂದು ಮಾತು. ಟಂಕಸಾಲೆಯ ಎದುರಿಗಿರುವ ಊಟದಂಗಡಿ ನೊವೆಲ್ಲಾ ಅವರದು ಎಂದು ನಿಮಗೆ ಗೊತ್ತೇ ಇದೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸಿಕೊಂಡು ಬಂದರು. ಅಂಗಡಿ ಇವತ್ತಿಗೆ ಮುಚ್ಚಿತು. ನಮ್ಮ ಕೆಲಸಗಾರರ ಸಂಘದ ಪರವಾಗಿ ನಾನು ಕೇಳುತ್ತೇನೆ, ಇನ್ನು ಮುಂದೆ ನಾವು ಮಧ್ಯಾಹ್ನ ಎಲ್ಲಿಗೆ ಹೋಗಬೇಕು? ಆ ಬೇಳೆಯನ್ನು ನೆನೆಸಿಕೊಳ್ಳಿ. ಜೀರಿಗೆ, ಕೊತ್ತಂಬರಿ, ಮೇಲೆ ಒಂದಿಷ್ಟು ಆಲಿವ್ ಎಣ್ಣೆ. ಅದರ ಪಕ್ಕದಲ್ಲಿ ಆಗತಾನೇ ಒಲೆಯಿಂದ ತೆಗೆದ ರೊಟ್ಟಿ. ರೊಟ್ಟಿಯನ್ನು ಮುರಿದು ಕೊಡುವಾಗ ಅವರು ಬೆರಳು ಸುಟ್ಟುಕೊಂಡು, ಆ ಬೆರಳನ್ನು ಕಿವಿಗೆ ಮುಟ್ಟಿಸಿಕೊಂಡು, ನಮ್ಮನ್ನೇ ಬೈಯುತ್ತಿದ್ದರು. "ನಿಮ್ಮ ಹಸಿವಿಗೆ ಒಂದು ಬೆಂಕಿ ಹಾಕ, ಒಂಚೂರು ಆರೋಕೂ ಬಿಡಲ್ಲ" ಅಂತ.

ಅದಿರಲಿ. ನಾನು ಇಲ್ಲಿ ನಿಂತಿರುವುದು ಡೊನಾಟಸ್ ಅವರ ಬಗ್ಗೆ ಮಾತಾಡಲು, ಬೇಳೆಯ ಬಗ್ಗೆ ಅಲ್ಲ. ನಕ್ಕವರು ಯಾರು? ಬಿಲ್ಲೆ ಇಡುವ ಗೆಮೆಲ್ಲಸ್, ನಿನ್ನ ನಗು ನನಗೆ ಗೊತ್ತಾಗುತ್ತದೆ, ಬಾಯಿಗೆ ಬಟ್ಟೆ ಅಡ್ಡ ಹಿಡಿದರೂ ಗೊತ್ತಾಗುತ್ತದೆ.

ಡೊನಾಟಸ್ ಅವರ ದೊಡ್ಡತನ ತಿಳಿಯಬೇಕಾದರೆ ಎರಡು ವರ್ಷದ ಹಿಂದಿನ ಆ ಗಲಿಬಿಲಿಯ ವರ್ಷವನ್ನು ನೆನೆಸಿಕೊಳ್ಳಬೇಕು. ಒಂದೇ ವರ್ಷದಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ನಾಲ್ಕು ಜನ ಚಕ್ರವರ್ತಿಗಳು! ಹೆಸರು ಬೇಡ, ನಮ್ಮ ಟಂಕಸಾಲೆಯ ಅಭ್ಯಾಸದಂತೆ ಅಡ್ಡಹೆಸರಿನಲ್ಲೇ ಹೋಗೋಣ. ಮೊದಲನೆಯವರು ಕೊಕ್ಕೆಮೂಗು. ಎರಡನೆಯವರು ಟೋಪನ್ನು. ಮೂರನೆಯವರು ದಪ್ಪಕತ್ತು. ನಾಲ್ಕನೆಯವರು ಈಗ ಆಳುತ್ತಿರುವವರು, ಅವರಿಗೆ ಅಡ್ಡಹೆಸರಿಲ್ಲ. ಇಲ್ಲ ಎಂದರೆ ಇಲ್ಲ, ಅಧ್ಯಕ್ಷರು ಇಲ್ಲೇ ಕುಳಿತಿದ್ದಾರೆ.

ಪ್ರಜೆಗಳಿಗೆ ಚಕ್ರವರ್ತಿ ಬದಲಾದರೆ ಏನಾಗುತ್ತದೆ? ಬೀದಿಯಲ್ಲಿ ಕೂಗುವ ಜಯಕಾರದಲ್ಲಿ ಹೆಸರು ಬದಲಾಗುತ್ತದೆ. ಸೈನಿಕರಿಗೆ ಏನಾಗುತ್ತದೆ? ಕೈಗೆ ಇನಾಮು ಬರುತ್ತದೆ. ಆ ಇನಾಮನ್ನು ಹೊಸಬರ ಮುಖವಿರುವ ಬೆಳ್ಳಿಯಲ್ಲೇ ಕೊಡಬೇಕು, ಹಳಬರ ಮುಖ ನಡೆಯುವುದಿಲ್ಲ. ಆಗ ರಾಜ್ಯಭಾರ ಎಲ್ಲಿಗೆ ಬಂದು ನಿಲ್ಲುತ್ತದೆ? ನನ್ನ ಉಳಿಯ ತುದಿಗೆ! ಸಿಂಹಾಸನದ ಮೇಲೆ ಅವರು ಕುಳಿತುಕೊಳ್ಳುವ ಮೊದಲೇ ಸುತ್ತಿಗೆ ಬೀಳುವ ಅಡಿಗಲ್ಲಿನ ಮೇಲೆ ನಾವು ಅವರನ್ನು ಕೂರಿಸಿರಬೇಕು. ಮುಖ ನೋಡಿರುತ್ತೇವೆಯೇ? ಎಲ್ಲಿಂದ! ದಪ್ಪಕತ್ತಿನವರು ಇನ್ನೂ ಉತ್ತರದ ದಂಡಿನಲ್ಲಿದ್ದರು, ಇಲ್ಲಿ ಅವರ ನಾಣ್ಯಕ್ಕೆ ಅವಸರ. ಆವತ್ತು ನಾನೂ ಗೆಮೆಲ್ಲಸ್ಸೂ ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಹೊಸಬರ ಮೂಗು ಹೆಂಗಿದೆಯಂತೆ, ಥಾಲಸ್?"

"ಯಾರಿಗ್ಗೊತ್ತು ಮಾರಾಯ? ಕುದುರೆ ಮೇಲೆ ಬಂದ ದೂತನ್ನ ಕೇಳಿದ್ರೆ, ಚೆನ್ನಾಗಿ ಊಟ ಮಾಡ್ತಾರೆ ಅಂತಾನೆ ಅಷ್ಟೆ."

"ಹಂಗಾದ್ರೆ ಟೋಪನ್ ಮುಖಾನೇ ಇಟ್ಕೋ. ಕೂದಲು ಕಡಿಮೆ ಮಾಡು, ಕತ್ತಿಗೆ ಕೊಬ್ಬು ಹಾಕು."

ಹಾಕಿದೆ. ಆಮೇಲೆ ಅವರು ಊರಿಗೆ ಬಂದಾಗ ನೋಡಿದರೆ, ಇನ್ನೂ ಕೊಬ್ಬು ಹಾಕಬೇಕಾಗಿತ್ತು.

ಇದು ನಾಣ್ಯದ ಮುಂಬದಿಯ ಮಾತಾಯಿತು. ಹಿಂಬದಿಗೆ ಒಬ್ಬ ದೇವಿ ಬೇಕು. ಅರಮನೆಯಲ್ಲಿ ಏನು ಇಲ್ಲವೋ ಅದನ್ನೇ ದೇವಿಯಾಗಿ ಕೊರೆಯಿರಿ ಎಂದು ಅಪ್ಪಣೆ ಬರುತ್ತದೆ, ಇದು ನಾನು ಕಂಡುಕೊಂಡ ಸತ್ಯ. ಕೊಕ್ಕೆಮೂಗಿನವರ ಕಾಲದಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ, ಆಗ ಕೊರೆದದ್ದು ಸ್ವಾತಂತ್ರ್ಯದೇವಿ. ಟೋಪನ್ನಿನವರು ನಾಳೆ ಇರುತ್ತಾರೋ ಇಲ್ಲವೋ ಎಂದು ಊರೇ ಮಾತಾಡುತ್ತಿತ್ತು, ಆಗ ಕೊರೆದದ್ದು ಭದ್ರತಾದೇವಿ. ದಪ್ಪಕತ್ತಿನವರ ದಂಡು ಬೀದಿಯಲ್ಲಿ ತಮ್ಮತಮ್ಮಲ್ಲೇ ಹೊಡೆದಾಡುತ್ತಿತ್ತು, ಆಗ ಸಾಮರಸ್ಯದೇವಿ. ಈಗ ಶಾಂತಿದೇವಿ. ಈಗ ನಿಜವಾಗಿಯೂ ಶಾಂತಿ ಇದೆ, ಅರ್ಚಕರು ಸುಮ್ಮನೆ ಕೆಮ್ಮಬೇಕಾಗಿಲ್ಲ.

ನಮ್ಮ ಕೆಲಸದ ಒಂದು ರೀತಿ ನಿಮಗೆ ಗೊತ್ತು, ಆದರೂ ಅರ್ಚಕರಿಗಾಗಿ ಹೇಳುತ್ತೇನೆ. ಚಕ್ರವರ್ತಿಯ ಅಚ್ಚು ಅಡಿಗಲ್ಲಿನಲ್ಲಿ ಕೆಳಗೆ ಕೂತಿರುತ್ತದೆ. ಅದರ ಮೇಲೆ ಬಿಸಿ ಬೆಳ್ಳಿಬಿಲ್ಲೆ. ಬಿಲ್ಲೆಯ ಮೇಲೆ ದೇವಿಯ ಅಚ್ಚು. ಸುತ್ತಿಗೆ ಬೀಳುವುದು ದೇವಿಯ ನೆತ್ತಿಯ ಮೇಲೆ. ಹಾಗಾಗಿ ಚಕ್ರವರ್ತಿ ಒಬ್ಬರು ಸವೆಯುವಷ್ಟರಲ್ಲಿ ದೇವಿಯರು ಮೂರು ನಾಲ್ಕು ಮಂದಿ ಸವೆದಿರುತ್ತಾರೆ. ಮನೆಗಳಲ್ಲೂ ಹೀಗೆಯೇ ಎಂದು ಹಿಂದಿನ ಸಾಲಿನ ಹೆಂಗಸರು ಹೇಳುತ್ತಿದ್ದಾರೆ, ಇರಬಹುದು. ನಾನು ಹೇಳಹೊರಟದ್ದೇನೆಂದರೆ, ಆ ವರ್ಷ ನಾನು ಎಲ್ಲ ಚಕ್ರವರ್ತಿಗಳಿಗಿಂತ ಹೆಚ್ಚಾಗಿ ದೇವಿಯನ್ನೇ ಕೊರೆದೆ. ಬೆಳಗಾದರೆ ದೇವಿ, ಸಂಜೆಯಾದರೆ ದೇವಿ. ಕಲ್ಪಿಸಿಕೊಂಡು ಎಷ್ಟು ಅಂತ ಕೊರೆಯಲಾದೀತು? ಕಣ್ಣೆದುರಿಗೆ ಒಂದು ಆಕಾರ ಬೇಕಾಗುತ್ತದೆ. ನಾನು ಕೂರುವುದು ಕಿಟಕಿಯ ಹತ್ತಿರ, ಬೆಳಕಿಗಾಗಿ. ಕಿಟಕಿಯಿಂದ ಕಾಣುವುದು ಏನು? ಎದುರಿನ ಅಂಗಡಿ. ಅಂಗಡಿಯ ಬಾಗಿಲಲ್ಲಿ...

ಯಾಕೆ ನಗುತ್ತೀರಿ? ನಾನು ಬೆಳಕಿನ ವಿಷಯ ಹೇಳುತ್ತಿದ್ದೇನೆ.

ಸರಿ. ಬಾಯಿ ತಪ್ಪಿ ಬಂದಾಯಿತು, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಂಗಡಿಯ ಬಾಗಿಲಲ್ಲಿ ನೊವೆಲ್ಲಾ ಅವರು ನಿಂತಿರುತ್ತಿದ್ದರು. ಎಡಗೈ ಸೊಂಟದ ಮೇಲೆ, ಬಲಗೈಯಲ್ಲಿ ಸೌಟು, ತಲೆ ಒಂದಿಷ್ಟು ವಾಲಿಸಿ ಗಿರಾಕಿಗಳನ್ನು ಕರೆಯುತ್ತಿದ್ದರು. ಸ್ವಾತಂತ್ರ್ಯದೇವಿಗೆ ಅದೇ ನಿಲುವು ಬಂತು. ಸೌಟಿನ ಜಾಗದಲ್ಲಿ, ಬಿಡುಗಡೆಯಾದ ಗುಲಾಮರು ತೊಡುವ ಟೊಪ್ಪಿಗೆ ಕೊಟ್ಟೆ. ಭದ್ರತಾದೇವಿಗೂ ಅದೇ ನಿಲುವು, ಸೌಟಿನ ಜಾಗದಲ್ಲಿ ಎಲೆಹಾರ ಕೊಟ್ಟೆ. ಇದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಊರಲ್ಲಿ ಎಲ್ಲವೂ ಬದಲಾಗುತ್ತಿದ್ದ ಆ ದಿನಗಳಲ್ಲಿ, ಬೆಳಿಗ್ಗೆ ಆ ಬಾಗಿಲು ತೆರೆದು ಅವರು ಹೊರಗೆ ಬಂದು ನಿಂತರೆ, ಇವತ್ತೊಂದು ದಿನ ಬದುಕಿದೆವು ಎಂದು ನನಗೆ ಅನಿಸುತ್ತಿತ್ತು. ಭದ್ರತೆ ಎಂದರೆ ಅದಕ್ಕಿಂತ ಬೇರೇನು, ನೀವೇ ಹೇಳಿ?

ಈಗ ಡೊನಾಟಸ್ ಅವರ ಕಥೆಗೆ ಬರುತ್ತೇನೆ. ಹೊಗಳಿಕೆಯ ಮಧ್ಯೆ ಒಂದು ತಮಾಷೆಯೂ ಇರಲಿ ಎಂದು, ಅವರ ಕೈಯಿಂದ ಆದ ಒಂದೇ ಒಂದು ಪ್ರಮಾದವನ್ನು ಹೇಳಬೇಕೆಂದು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದೇನೆ.

ಟೋಪನ್ನಿನವರ ಕಾಲ. ಅರಮನೆಯಿಂದ ಒಬ್ಬ ತನಿಖಾಧಿಕಾರಿ ಬಂದ. ಹೊಸ ದರ್ಬಾರು, ಹೊಸ ಉತ್ಸಾಹ. ಯಾರು ಹಳಬರ ಕಡೆಯವರು, ಯಾರು ಹೊಸಬರನ್ನು ಹೀಯಾಳಿಸುತ್ತಾರೆ ಎಂದು ಮೂಸಿಕೊಂಡು ತಿರುಗುವ ಕಾಲ ಅದು. ಒಂದು ಮಾತಿಗೆ ಗಣಿಗೆ ಕಳಿಸುತ್ತಿದ್ದರು. ಆ ಮನುಷ್ಯ ಎದುರಿನ ಅಂಗಡಿಯಲ್ಲಿ ಹೊಟ್ಟೆತುಂಬ ಉಂಡು, ಮೀಸೆಯಿಲ್ಲದ ತುಟಿ ಒರೆಸಿಕೊಳ್ಳುತ್ತ ಒಳಗೆ ಬಂದ. ಆಗತಾನೇ ಹೊಡೆದ ನಾಣ್ಯವೊಂದನ್ನು ಎತ್ತಿಕೊಂಡ. ನೋಡಿದ. ಮತ್ತೆ ನೋಡಿದ.

"ಏನಯ್ಯಾ ಇದು? ಭದ್ರತಾದೇವಿ ಹಿಂಗಾ ನಿಲ್ಲೋದು, ಸೊಂಟದ ಮೇಲೆ ಕೈ ಇಟ್ಕೊಂಡು?"

"ಗ್ರೀಕ್ ಶಿಲ್ಪಿಗಳ ಪದ್ಧತಿ, ಸ್ವಾಮಿ" ಎಂದೆ ನಾನು.

"ಕೈಯಲ್ಲಿರೋದು ಹಾರಾನೋ, ಸೌಟೋ?"

"ಹಾರ ಸ್ವಾಮಿ. ಹಾರವೇ."

"ಇವಳನ್ನ ಎಲ್ಲೋ ನೋಡಿದೀನಲ್ಲ. ಇವತ್ತೇ ನೋಡಿದ ಹಾಗಿದೆ. ಚಕ್ರವರ್ತಿಗಳ ಬೆನ್ನಿಗೆ ಬೀದಿ ಹೆಂಗಸನ್ನ ನಿಲ್ಲಿಸಿದೀಯೇನೋ? ಇದರಲ್ಲಿ ಮುಖ ಸರಿಯಾಗಿ ಮೂಡಿಲ್ಲ" ಎಂದು ನಾಣ್ಯವನ್ನು ಕರಗಿಸುವ ಮೂಸೆಗೆ ಎಸೆದು, ಡೊನಾಟಸ್ ಕಡೆ ಕೈ ಚಾಚಿದ. "ಅಚ್ಚನ್ನೇ ಕೊಡು ಇತ್ಲಾಗೆ. ಬಾಗಿಲ ಬೆಳಕಿಗೆ ಹಿಡಿದು ನೋಡ್ತೀನಿ."

ಬಾಗಿಲ ಬೆಳಕಿಗೆ! ಬಾಗಿಲಿಗೆ ಹೋದರೆ ಎದುರಿಗೆ ಯಾರು ಕಾಣುತ್ತಾರೆ? ನನ್ನ ಪಾಡು ಹಾಗಿರಲಿ, ಎದುರಿನ ಅಂಗಡಿಯವರ ಗತಿಯೇನು? ಒಲೆಯ ಮುಂದೆ ನಿಂತಿರುವ ಆ ಹೆಂಗಸಿಗೆ ಇದೊಂದೂ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ನಮ್ಮ ಡೊನಾಟಸ್ ಅವರು, "ಒಂಚೂರು ತಡೀರಿ ಸ್ವಾಮಿ, ಸರಿಯಾಗಿ ಮೂಡೋ ಹಾಗೆ ಇನ್ನೊಂದು ಹೊಡೆದು ಕೊಡ್ತೀನಿ" ಎಂದು ಸುತ್ತಿಗೆ ಎತ್ತಿದರು. ಹೊಡೆದರು. ಸೊಟ್ಟಕ್ಕೆ ಹೊಡೆದರು! ದೇವಿಯ ಅಚ್ಚು ನಡುಮಧ್ಯಕ್ಕೆ ಸೀಳಿ, ಒಂದು ಹೋಳು ಅಧಿಕಾರಿಯ ಕಾಲ ಬುಡಕ್ಕೆ, ಇನ್ನೊಂದು ಹೋಳು ಕೆಂಡದೊಳಕ್ಕೆ. ಆ ಮನುಷ್ಯ ಕುಣಿದಾಡಿಬಿಟ್ಟ. ದೇವಿಯ ಸುದ್ದಿ ಮರೆತೇಹೋಯಿತು, ಡೊನಾಟಸ್ ಮೇಲೆ ತಿರುಗಿದ. ಅರಮನೆಯ ಸ್ವತ್ತು ಹಾಳುಮಾಡಿದ ತಪ್ಪಿಗೆ ಅಂಗಳದಲ್ಲಿ ಎಲ್ಲರ ಎದುರು ಬೆತ್ತದ ಏಟು ಬಿತ್ತು. ಸುತ್ತಿಗೆ ಕಿತ್ತುಕೊಂಡು ಇದ್ದಿಲು ಹೊರುವ ಕೆಲಸಕ್ಕೆ ಹಾಕಿದರು. ಪುಣ್ಯಕ್ಕೆ ಟೋಪನ್ನಿನವರ ಭದ್ರತೆ ಬಹಳ ಕಾಲ ಬಾಳಲಿಲ್ಲ. ಅವರು ಹೋದರು, ಅಧಿಕಾರಿಯೂ ಹೋದ, ಸುತ್ತಿಗೆ ಇವರ ಕೈಗೆ ಮರಳಿತು.

ಆವತ್ತಿನಿಂದ ನಾನು ಇವರಿಗೆ ಅಚ್ಚೊಡಕ ಎಂದು ಹೆಸರಿಟ್ಟೆ. ನೀವೆಲ್ಲ ಹಾಗೇ ಕರೆದಿರಿ. ಇವರ ಮಕ್ಕಳೂ ಹಾಗೇ ಕರೆಯುತ್ತವೆ. ಎಷ್ಟು ನಕ್ಕಿದ್ದೇವೆ! ಯಾಕೆಂದರೆ, ಆಶ್ಚರ್ಯ ನೋಡಿ, ಅಕ್ರೋಟಿನ ತಿರುಳು ಚೂರಾಗದಂತೆ ಹೊಡೆಯುವ ಈ ಕೈ, ಹುಟ್ಟಿದಾಗಿನಿಂದ ಒಂದು ಪೆಟ್ಟೂ ಆಚೀಚೆ ಹಾಕದ ಈ ಕೈ, ಆವತ್ತೊಂದು ದಿನ, ಅದೂ ಆ ಹೊತ್ತಿಗೆ ಸರಿಯಾಗಿ...

ಕ್ಷಮಿಸಬೇಕು. ಒಂದು ಗುಟುಕು ನೀರು ಕೊಡಿ.

ಡೊನಾಟಸ್. ಇಲ್ಲಿ ನೋಡು. ತಲೆ ಬಗ್ಗಿಸಬೇಡ, ನನ್ನ ಕಡೆ ನೋಡು. ಆ ಬಿಲ್ಲೆ... ಆವತ್ತು ನೀನು ಅಡಿಗಲ್ಲಿನ ಮೇಲೆ ಬಿಲ್ಲೆಯನ್ನೇ ಇಟ್ಟಿರಲಿಲ್ಲ. ಈಗ ಕಣ್ಣಿಗೆ ಕಟ್ಟುತ್ತಿದೆ. ಗೆಮೆಲ್ಲಸ್, ಬಿಲ್ಲೆ ಇಡುವವನು ನೀನು, ನೀನು ಇಟ್ಟಿದ್ದೆಯಾ? ಇಲ್ಲ ಅಂತ ತಲೆ ಅಲ್ಲಾಡಿಸುತ್ತಿದ್ದಾನೆ. ಇವನಿಗೂ ಗೊತ್ತು! ಬೆಳ್ಳಿಯಿಲ್ಲದೆ ಬರಿ ಅಚ್ಚಿನ ಮೇಲೆ ಸುತ್ತಿಗೆ ಹಾಕಿದರೆ ಅದು ಒಡೆಯದೆ ಇನ್ನೇನಾಗುತ್ತದೆ? ನೀನು ಬೇಕೆಂತಲೇ ಒಡೆದೆ. ನಿನ್ನ ಸುತ್ತಿಗೆಯ ಕೆಳಗೆ ದಿನಾ ನಿಲ್ಲುತ್ತಿದ್ದವಳು ನಿನ್ನ ತಂಗಿ ಎಂದು ನೀನು ಕಂಡುಕೊಂಡಿದ್ದೆ. ಅವಳಿಗಾಗಿ, ನನಗಾಗಿ, ಬೆತ್ತದ ಏಟು ತಿಂದೆ, ಇದ್ದಿಲು ಹೊತ್ತೆ. ನಾನು ಪಕ್ಕದಲ್ಲಿ ಕೂತು ಅಚ್ಚೊಡಕ ಅಂದರೆ ನೀನೂ ನಗುತ್ತಿದ್ದೆಯಲ್ಲೋ, ಪುಣ್ಯಾತ್ಮ! ಒಂದು ಮಾತು ಹೇಳಬಾರದಿತ್ತೇ?

ಸಭಿಕರೇ, ಕೇಳಿ. ಇವನ ಸುತ್ತಿಗೆಯನ್ನು ಹೊಗಳಬೇಕೆಂದು ಎಲ್ಲರೂ ಬಂದಿದ್ದೇವೆ. ಇವನ ಬಾಯನ್ನು ಹೊಗಳಿ. ಎರಡು ವರ್ಷ ಅದು ಮುಚ್ಚಿಕೊಂಡೇ ಇತ್ತು.

ಈಗ ನನಗೆ ಇನ್ನೊಂದು ಅನುಮಾನ. ಇವನಿಗೆ ಗೊತ್ತಿದ್ದದ್ದು ಇವನ ತಂಗಿಗೆ ಗೊತ್ತಿರಲಿಲ್ಲವೇ? ಹೋದ ತಿಂಗಳು ನಾನು ಬೇಳೆ ಊಟ ಮಾಡುತ್ತಿದ್ದಾಗ ನೊವೆಲ್ಲಾ ಅವರು ಹತ್ತಿರ ಬಂದು ಕೇಳಿದ್ದರು.

"ಲುಗ್ದುನುಮ್‌ಗೆ ಅಚ್ಚು ಕೊರೆಯೋರೂ ಬೇಕಂತಲ್ಲಾ, ಥಾಲಸ್?"

"ಹೌದಂತೆ. ಯಾರಾದ್ರೂ ಹುಡುಗರು ಹೋಗಲಿ ಬಿಡಿ. ಆ ಚಳಿ ನನಗೆ ಆಗಿಬರಲ್ಲ."

"ಚಳಿಗೆ ಕಂಬಳಿ ಅಂತ ಒಂದಿರತ್ತೆ, ಕೇಳಿದೀರಾ?" ಎಂದು ಬಟ್ಟಲನ್ನು ನನ್ನ ಮುಂದೆ ಕುಕ್ಕಿ ಹೋದರು. ಮರುದಿನ ನನ್ನ ಬೇಳೆಗೆ ಉಪ್ಪೇ ಇರಲಿಲ್ಲ. ಅದರ ಮರುದಿನ ಉಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ. ವಯಸ್ಸಾಯಿತು ಪಾಪ, ಕೈ ತಪ್ಪುತ್ತಿದೆ ಎಂದುಕೊಂಡು ಸುಮ್ಮನೆ ಉಂಡು ಬಂದೆ. ಇಂಥವನಿಗೆ ಏನೆನ್ನುತ್ತೀರಿ? ಅಚ್ಚಿನ ಮೇಲೆ ಎಳ್ಳುಕಾಳಿನಷ್ಟು ಜಾಗದಲ್ಲಿ ಹುಬ್ಬು ಕೊರೆಯುತ್ತೇನೆ, ಕಣ್ಣೆದುರು ಗಂಟಿಕ್ಕಿದ ಹುಬ್ಬು ನನಗೆ ಕಾಣಲಿಲ್ಲ. ನಗಿ, ನಗಿ. ಇವತ್ತು ನಿಮ್ಮ ಹಬ್ಬ.

ಮಾನ್ಯ ಅಧ್ಯಕ್ಷರೇ, ಆ ಜಾಗ ಇನ್ನೂ ಖಾಲಿಯಿದೆಯಷ್ಟೆ? ಹಾಗಾದರೆ ಸಭೆಯ ಎದುರು ಕೇಳಿಕೊಳ್ಳುತ್ತೇನೆ. ನನ್ನನ್ನು ಕಳಿಸಿಕೊಡಿ. ಹುಟ್ಟಿದಾಗಿನಿಂದ ಟಂಕಸಾಲೆಯಿರುವ ಈ ಬೆಟ್ಟ ಇಳಿದು ದೂರ ಹೋದವನಲ್ಲ, ಜೂನೋ ತಾಯಿಯ ಗುಡಿಯಲ್ಲಿ ಸಾಕಿದ ಹೆಬ್ಬಾತುಗಳು ಕೂಗದಿದ್ದರೆ ನನಗೆ ಎಚ್ಚರವೇ ಆಗುವುದಿಲ್ಲ. ಆದರೂ ಹೋಗುತ್ತೇನೆ. ಇಲ್ಲಿಯ ಕಿಟಕಿಗೆ ಎಳೆಯ ಕಣ್ಣುಗಳು ಬೇಕಾದಷ್ಟಿವೆ. ತಾವು ತಲೆಯಾಡಿಸಿದಿರಿ. ಎಲ್ಲರೂ ನೋಡಿದ್ದಾರೆ, ಅರ್ಚಕರು ಸಾಕ್ಷಿ.

ಆದರೆ ಅಧ್ಯಕ್ಷರ ಒಪ್ಪಿಗೆಯಿಂದ ಕೆಲಸ ಸಿಗುತ್ತದೆ ಅಷ್ಟೆ. ನನಗೆ ಬೇಕಾದ ಒಪ್ಪಿಗೆ ಅಲ್ಲಿ, ಹಿಂದುಗಡೆ, ದೊಡ್ಡ ಹಂಡೆಯ ಪಕ್ಕದಲ್ಲಿ ನಿಂತಿದೆ. ದಾರಿ ಬಿಡಿ, ಮುಖ ಕಾಣಲಿ. ನೊವೆಲ್ಲಾ, ಇಷ್ಟು ಜನರ ಎದುರು ಕೇಳುತ್ತಿದ್ದೇನೆ, ಒಬ್ಬರೇ ಇದ್ದಾಗ ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ನಾನು ಬರುವುದು ಕೆಲಸಕ್ಕಲ್ಲ, ನಿಮ್ಮ ಅಣ್ಣನ ಸ್ನೇಹಕ್ಕೂ ಅಲ್ಲ. ನೀವಿಲ್ಲದ ಬೀದಿಯನ್ನು ನೋಡಿಕೊಂಡು ಕೂರುವುದು ನನ್ನಿಂದಾಗದು. ನಿಮ್ಮನ್ನು ಮದುವೆಯಾಗಬೇಕೆಂದು ಬರುತ್ತೇನೆ. ನೀವು ಬೇಡ ಎಂದರೆ ಈಗಲೇ ಹೇಳಿಬಿಡಿ. ಇಲ್ಲೇ ಉಳಿದು, ಉಪ್ಪಿಲ್ಲದ್ದನ್ನೇ ಉಂಡುಕೊಂಡು ಇರುತ್ತೇನೆ.

ಏನಂದರು? ಹಿಂದಿನ ಸಾಲಿನವರೇ, ಬೊಬ್ಬೆ ಹಾಕಬೇಡಿ, ನನಗೂ ಕೇಳಿಸಲಿ. ಯಾರಾದರೂ ಅವರು ಹೇಳಿದ್ದನ್ನು ಮುಂದಕ್ಕೆ ದಾಟಿಸಿ. ಏನಂತೆ?

ಗಾಡಿಯಲ್ಲಿ ಸಾಮಾನು ಜೋಡಿಸುವಾಗ ನನ್ನ ಉಳಿಗಳ ಪೆಟ್ಟಿಗೆಗೆ ಜಾಗ ಬಿಟ್ಟೇ ಜೋಡಿಸಿದ್ದಾರಂತೆ. ಇನ್ನೊಂದಿಷ್ಟು ಹೊತ್ತು ಮಾತಾಡುತ್ತ ನಿಂತರೆ ಅಲ್ಲಿ ಈರುಳ್ಳಿ ಮೂಟೆ ಇಡುತ್ತಾರಂತೆ.

ಸಭಿಕರೇ, ಇನ್ನು ನಾನು ಮಾತಾಡುವುದಿಲ್ಲ. ಕೇಳಿದ ನಿಮಗೆ, ಕಳಿಸಿಕೊಟ್ಟ ಅಧ್ಯಕ್ಷರಿಗೆ, ಹರಸಲೇಬೇಕಾದ ಅರ್ಚಕರಿಗೆ, ನನ್ನ ಭಾವನಾಗಲಿರುವ ಈ ಮೌನಿಗೆ, ಎಲ್ಲರಿಗೂ ವಂದನೆಗಳು. ಮನೆಗೆ ಹೋಗಿ ಪೆಟ್ಟಿಗೆ ತರಬೇಕು, ಕೆಳಗಿಳಿಯಲು ದಾರಿ ಕೊಡಿ. ನಮಸ್ಕಾರ.